ಎರಡು ಸಾವಿರದಲ್ಲಿ ದೀಪಾವಳಿ: ಆಕಾಶಬುಟ್ಟಿಯಿಂದ ಹೋಳಿಗೆಯವರೆಗೆ

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನಾವು ಹುಬ್ಬಳ್ಳಿ ಗೋಕುಲ ರೋಡ್ ಕಡೆ ಬಾಡಿಗೆ ಮನೆಯಲ್ಲಿದ್ದೇವೆ, ಎರಡನೇ ಮಹಡಿ. ಗೋಡೆಗೆ ಮೊಳೆ ಹೊಡೆಯಲು ಮನೆ ಮಾಲೀಕರು ಬಿಡುವುದಿಲ್ಲ. ಈ ವರ್ಷ ನಮ್ಮ ಮನೆಯವರ ಕೆಲಸ ಸ್ವಲ್ಪ ಹಿಂದೆ ಬಿದ್ದಿದೆ. ದೀಪಾವಳಿಗೆ ಎಲ್ಲಾ ಸೇರಿ ಎರಡು ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಮಗನಿಗೆ ದೊಡ್ಡ ಆಕಾಶಬುಟ್ಟಿ ಬೇಕಂತೆ, ಮಗಳಿಗೆ ರಂಗೋಲಿ ಹುಚ್ಚು. ಪಾಡ್ಯಕ್ಕೆ ಅತ್ತೆ-ಮಾವ ಹಾವೇರಿ ಕಡೆಯಿಂದ ಬರುತ್ತಾರೆ. ನಾನು ಚೂಡಾ ಮಾಡಿದರೆ ಎರಡೇ ದಿನಕ್ಕೆ ಮೆತ್ತಗಾಗುತ್ತದೆ, ಹೋಳಿಗೆ ಒಡೆಯುತ್ತದೆ. ಇಷ್ಟು ದುಡ್ಡಿನಲ್ಲಿ ಮನೆ ಚೆಂದ ಕಾಣಬೇಕು, ಹಬ್ಬದ ತಿಂಡಿ, ಅಂದರೆ ಫರಾಳವೂ ಆಗಬೇಕು. ಪಾಡ್ಯದ ದಿನ ಸಗಣಿಯಿಂದ ಮಾಡಿದ ಪಾಂಡವರನ್ನು ಇಡಬೇಕು ಅಂತ ಅತ್ತೆ ಹೇಳಿದ್ದಾರೆ, ಮೇಲಿನ ಮನೆಯಲ್ಲಿ ಅದು ಹೇಗೆ? ದಾರಿ ತೋರಿಸಿ.

ಉತ್ತರ: ಎರಡು ಸಾವಿರಕ್ಕೆ ಒಳ್ಳೆಯ ಹಬ್ಬ ಆಗುತ್ತದೆ, ಆ ಚಿಂತೆ ಬಿಡಿ. ಗೃಹ ವಿಜ್ಞಾನ ಕಲಿಸುತ್ತಾ ಬಂದವಳಾಗಿ ಎಷ್ಟೋ ಮನೆಗಳ ಹಬ್ಬದ ಲೆಕ್ಕ ನೋಡಿದ್ದೇನೆ. ದುಡ್ಡು ಸೋರುವುದು ದೊಡ್ಡ ಖರ್ಚಿನಲ್ಲಿ ಅಲ್ಲ. ದುರ್ಗದ ಬೈಲಿಗೆ ಹೋದಾಗ ಅಲ್ಲೊಂದು ಪ್ಲಾಸ್ಟಿಕ್ ತೋರಣ, ಇಲ್ಲೊಂದು ಸ್ಟಿಕರ್ ರಂಗೋಲಿ, ಮಕ್ಕಳು ಕೇಳಿದರು ಅಂತ ಒಂದು ಲೈಟಿನ ಸರ, ಕಾಲು ಕಿಲೋ ರೆಡಿ ಚಕ್ಕುಲಿ, ಹೀಗೆ ಐವತ್ತು ನೂರು ಅಂತ ಹೋಗಿ ಮನೆಗೆ ಬರುವಷ್ಟರಲ್ಲಿ ಕೈ ಖಾಲಿ, ಆದರೆ ಮನೆಯಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇರುವುದಿಲ್ಲ. ಅದಕ್ಕೆ ನಾನು ಹೇಳುವುದು ಒಂದೇ ಮಾತು. ಇಡೀ ಮನೆ ಸಿಂಗರಿಸಲು ಹೋಗಬೇಡಿ, ಹೊಸ್ತಿಲು ಮತ್ತು ಗ್ಯಾಲರಿ ಎರಡನ್ನೇ ಹಿಡಿಯಿರಿ. ಫರಾಳಕ್ಕೆ ಹತ್ತು ಬಗೆ ಬೇಡ, ಮೂರೇ ಸಾಕು, ಆದರೆ ಆ ಮೂರೂ ಸಾಮಾನಿನಲ್ಲಿ ಕಡಿಮೆ ಮಾಡದೆ ಚೆನ್ನಾಗಿ ಮಾಡಿ.

ದುಡ್ಡನ್ನು ಹೀಗೆ ಹಂಚಿಕೊಳ್ಳಿ. ಆಕಾಶಬುಟ್ಟಿ, ರಂಗೋಲಿ, ಹಣತೆಗೆ 250. ಹೂವು, ಮಾವಿನ ಎಲೆಗೆ 200. ದೀಪದ ಎಣ್ಣೆ, ಬತ್ತಿಗೆ 150. ಕಿರಾಣಿ, ಕಾಯಿಪಲ್ಲೆಗೆ 1,200. ಉಳಿದ 200 ಮುಟ್ಟಬೇಡಿ, ಹಬ್ಬದ ದಿನ ಏನಾದರೂ ಬಂದೇ ಬರುತ್ತದೆ. ಕಿರಾಣಿಯನ್ನು ಹಬ್ಬಕ್ಕೆ ಎಂಟು-ಹತ್ತು ದಿನ ಇರುವಾಗಲೇ ತಂದುಬಿಡಿ. ಶೇಂಗಾ, ಬೆಲ್ಲ, ಕಡಲೆಬೇಳೆ ಕೆಡುವಂಥವಲ್ಲ. ಕೊನೆ ಎರಡು ದಿನದ ಗದ್ದಲದಲ್ಲಿ ಸಾಮಾನು ಆರಿಸಿ ನೋಡಲೂ ಆಗುವುದಿಲ್ಲ, ಬೆಲೆ ಕೇಳಲೂ ಆಗುವುದಿಲ್ಲ.

ಈಗ ಮಗನ ಆಕಾಶಬುಟ್ಟಿ. ಇದನ್ನು ಮಾತ್ರ ಸಣ್ಣದು ಮಾಡಬೇಡಿ, ಅವನು ಕೇಳಿದ್ದು ಸರಿಯಾಗಿದೆ. ಕೆಳಗೆ ರಸ್ತೆಯಲ್ಲಿ ನಿಂತವರಿಗೆ ನಿಮ್ಮ ಮನೆ ಹಬ್ಬ ಕಾಣುವುದೇ ಅದರಿಂದ. ಮೇದಾರರ ಓಣಿಯಲ್ಲಿ ಸೀಳಿದ ಬಿದಿರು ಕಡ್ಡಿ ಸಿಗುತ್ತದೆ, ಇಲ್ಲಾ ಅಂದರೆ ತೆಂಗಿನ ಕಸಬರಿಗೆಯ ಗಟ್ಟಿ ಕಡ್ಡಿಗಳನ್ನು ಎರಡೆರಡು ಸೇರಿಸಿ ದಾರ ಸುತ್ತಿ ಬಳಸಬಹುದು. ಬೇಕಾಗುವುದು 24 ಕಡ್ಡಿ, ಎಲ್ಲವೂ ಒಂದೇ ಅಳತೆ. 25 ಸೆಂಟಿಮೀಟರ್ ಕಡ್ಡಿ ತೆಗೆದುಕೊಂಡರೆ ಬುಟ್ಟಿ ಅರ್ಧ ಮೀಟರ್ ಅಗಲ ಬರುತ್ತದೆ, ಅಷ್ಟು ದೊಡ್ಡದು ಸಾಕಲ್ವಾ? ಅಳತೆಯಲ್ಲಿ ಅರ್ಧ ಬೆರಳು ಹೆಚ್ಚು ಕಡಿಮೆ ಆದರೂ ಕೊನೆಗೆ ಬುಟ್ಟಿ ಒಂದು ಕಡೆ ವಾಲುತ್ತದೆ, ಹಾಗಾಗಿ ಮೊದಲ ಕಡ್ಡಿಯನ್ನೇ ಅಳತೆಗೋಲು ಮಾಡಿಕೊಂಡು ಉಳಿದವನ್ನೆಲ್ಲ ಅದರ ಪಕ್ಕ ಇಟ್ಟು ಕತ್ತರಿಸಿ.

ನಾಲ್ಕು ನಾಲ್ಕು ಕಡ್ಡಿ ಸೇರಿಸಿ ಮೂಲೆಗೆ ದಾರ ಬಿಗಿದು ಆರು ಚೌಕ ಮಾಡಿಕೊಳ್ಳಿ. ಪ್ರತಿ ಚೌಕಕ್ಕೂ ಮೂಲೆಯಿಂದ ಎದುರು ಮೂಲೆಗೆ ಎರಡು ದಾರ ಅಡ್ಡಡ್ಡ ಬಿಗಿಯಾಗಿ ಕಟ್ಟಿ, ಆಗ ಚೌಕ ಸೊಟ್ಟ ಆಗುವುದಿಲ್ಲ. ಈಗ ನಾಲ್ಕು ಚೌಕಗಳನ್ನು ಮೂಲೆ ಮೇಲೆ ನಿಲ್ಲಿಸಿ, ಅಂದರೆ ಇಸ್ಪೀಟಿನ ಡೈಮಂಡ್ ಇರುತ್ತದಲ್ಲ ಹಾಗೆ. ಒಂದರ ಬಲ ಮೂಲೆಗೆ ಇನ್ನೊಂದರ ಎಡ ಮೂಲೆ ಕಟ್ಟುತ್ತಾ ನಾಲ್ಕನ್ನೂ ಬಳೆಯ ಥರ ಸುತ್ತು ಕೂಡಿಸಿ. ಮೇಲೆ ನಾಲ್ಕು ತುದಿ ಉಳಿಯುತ್ತವೆ, ಅವಕ್ಕೆ ಐದನೇ ಚೌಕದ ನಾಲ್ಕು ಮೂಲೆ ಕಟ್ಟಿ. ಕೆಳಗಿನ ನಾಲ್ಕು ತುದಿಗೆ ಆರನೇ ಚೌಕ. ಅಷ್ಟೇ, ನಡುನಡುವೆ ಎಂಟು ತ್ರಿಕೋನ ತಾವಾಗಿಯೇ ಮೂಡುತ್ತವೆ. ಇದನ್ನು ಮಗನ ಕೈಯಿಂದಲೇ ಮಾಡಿಸಿ. ತ್ರಿಕೋನ ಎಲ್ಲಿಂದ ಬಂತು ಅಂತ ಅವನೇ ಎಣಿಸಿ ನೋಡುತ್ತಾನೆ. ಹಾಳೆ ಅಂಟಿಸುವವರೆಗೂ ಬುಟ್ಟಿ ಸ್ವಲ್ಪ ಅಲುಗಾಡುತ್ತದೆ, ಹೆದರಬೇಡಿ, ಹಾಳೆ ಒಣಗಿ ಬಿಗಿಯಾದ ಮೇಲೆ ಗಟ್ಟಿ ನಿಲ್ಲುತ್ತದೆ.

ಅಂಟು ಕೊಳ್ಳುವುದು ಬೇಡ. ಎರಡು ಚಮಚ ಮೈದಾ ಹಿಟ್ಟನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಬಿಳಿ ಬಣ್ಣ ಹೋಗಿ ಗಾಜಿನ ಹೊಳಪು ಬಂದಾಗ ಇಳಿಸಿ. ಹಿಂದೆಲ್ಲ ಹುಳ ಹಿಡಿಯದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು, ಅದು ವಿಷ, ಮಕ್ಕಳು ಕೈ ಹಾಕುವ ಕೆಲಸದಲ್ಲಿ ಅದು ಖಂಡಿತ ಬೇಡ. ಹಾಳೆಗೆ ಗಾಳಿಪಟದ ಹಾಳೆಯೇ ಒಳ್ಳೆಯದು, ತೆಳು ಇರುತ್ತದೆ, ಬೆಳಕು ಹಾಯುತ್ತದೆ. ಬಣ್ಣ ಆರಿಸುವಾಗ ಹಳದಿ, ಬಿಳಿ, ತಿಳಿ ಗುಲಾಬಿ ಜಾಸ್ತಿ ತೆಗೆದುಕೊಳ್ಳಿ. ಕಡು ನೀಲಿ, ಕಡು ಹಸಿರು ಅಂಗಡಿಯಲ್ಲಿ ಚೆಂದ ಕಾಣುತ್ತವೆ, ಆದರೆ ಒಳಗೆ ದೀಪ ಹಚ್ಚಿದರೆ ಕತ್ತಲೆ ಮುದ್ದೆಯ ಹಾಗಾಗುತ್ತವೆ, ಅವನ್ನು ಕೆಳಗಿನ ಬಾಲಕ್ಕೆ ಬಳಸಿ. ನಿಲ್ಲಿಸಿದ ನಾಲ್ಕು ಚೌಕ ಮತ್ತು ಎಂಟು ತ್ರಿಕೋನಕ್ಕೆ ಮಾತ್ರ ಹಾಳೆ. ಮೇಲಿನ ಮತ್ತು ಕೆಳಗಿನ ಚೌಕ ತೆರೆದೇ ಇರಲಿ, ಬಿಸಿ ಗಾಳಿ ಹೊರಗೆ ಹೋಗಬೇಕು.

ಒಳಗೆ 5 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿ. ಹಳೆಯ 60 ವ್ಯಾಟಿನ ಬುರುಡೆ ಬಲ್ಬ್ ಮನೆಯಲ್ಲಿ ಬಿದ್ದಿದ್ದರೂ ಅದನ್ನು ಹಾಕಬೇಡಿ, ಕಾದು ಕಾದು ಹಾಳೆ ಕಂದುತ್ತದೆ, ತಾಗಿದರೆ ಹೊತ್ತಿಕೊಳ್ಳುತ್ತದೆ. ಎಣ್ಣೆ ದೀಪ, ಮೇಣದ ಬತ್ತಿಯಂತೂ ಒಳಗೆ ಬೇಡವೇ ಬೇಡ. ಕರೆಂಟಿನ ಲೆಕ್ಕ ನೋಡಿದರೆ, 5 ವ್ಯಾಟಿನ ಬಲ್ಬ್ ದಿನಕ್ಕೆ ಆರು ತಾಸಿನ ಹಾಗೆ ಹದಿನೈದು ದಿನ ಉರಿದರೂ ಅರ್ಧ ಯೂನಿಟ್ ಆಗುವುದಿಲ್ಲ. ಬುಟ್ಟಿಯ ಭಾರ ವೈರಿನ ಮೇಲೆ ಬೀಳಬಾರದು. ಮೇಲಿನ ಚೌಕದ ನಾಲ್ಕು ಮೂಲೆಯಿಂದ ಸುತಳಿ ತಂದು ಗಂಟು ಹಾಕಿ ಅದನ್ನು ಗ್ಯಾಲರಿಯ ಗ್ರಿಲ್‌ಗೆ ಕಟ್ಟಿ, ವೈರು ಸಡಿಲವಾಗಿ ಪಕ್ಕದಲ್ಲಿ ಬರಲಿ. ಮೊಳೆಯ ಮಾತೇ ಇಲ್ಲ. ನಮ್ಮ ಕಡೆ ದೀಪಾವಳಿ ಹೊತ್ತಿಗೆ ಹಿಂಗಾರಿನ ಮಳೆ ಒಂದೆರಡು ಸಲ ಬಂದು ಹೋಗುವುದುಂಟು, ಹಾಗಾಗಿ ಛಾವಣಿಯ ಒಳಗೇ ತೂಗು ಹಾಕಿ. ಇಷ್ಟು ಕಷ್ಟಪಟ್ಟದ್ದನ್ನು ನಾಲ್ಕು ದಿನಕ್ಕೆ ಇಳಿಸಬೇಡಿ, ಗೌರಿ ಹುಣ್ಣಿಮೆಯ ಸಕ್ಕರೆ ಆರತಿವರೆಗೂ ಸಂಜೆ ಸಂಜೆ ಹಚ್ಚಿ.

ಅಂಗಡಿಯಲ್ಲಿ ಥರ್ಮಾಕೋಲಿನ ಕಮಲ, ಸ್ವಸ್ತಿಕ, ಕಮಾನು ಕಂಡರೆ ಕೈ ಹಾಕಬೇಡಿ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಮಾಡಿದ್ದಾರೆ. ಆದರೂ ಅಲ್ಲಲ್ಲಿ ಮಾರುತ್ತಾರೆ, ಕೊಳ್ಳಬೇಡಿ. ಅದಕ್ಕಿಂತ ಚೆಂದದ್ದು ನಿಮ್ಮ ಟ್ರಂಕಿನಲ್ಲೇ ಇರಬಹುದು. ಉಡಿ ತುಂಬಿದಾಗ ಬಂದ ಖಣಗಳು ಹೊಲಿಸದೆ ಬಿದ್ದಿರುತ್ತವಲ್ಲ, ಎರಡು ಮೂರು ಬಣ್ಣದ ಖಣ ತೆಗೆದು ಗೇಣುದ್ದದ ತ್ರಿಕೋನ ಕತ್ತರಿಸಿ, ಅಂಚು ಮಡಿಚಿ, ಒಂದು ಹಳೆಯ ಲಾಡಿಗೆ ಸಾಲಾಗಿ ಹೊಲಿದುಬಿಡಿ. ಖಣದ ಅಂಚು ಕೆಳಗೆ ಬರುವಂತೆ ಕತ್ತರಿಸಿದರೆ ಕಸೂತಿ ಮಾಡಿದ ಹಾಗೇ ಕಾಣುತ್ತದೆ. ಬಾಗಿಲಿಗೆ ಕಟ್ಟಲು ಮೊಳೆ ಬೇಡ, ಚೌಕಟ್ಟಿಗಿಂತ ಒಂದು ಬೆರಳು ಉದ್ದದ ತೆಳು ಬಿದಿರು ಪಟ್ಟಿಯನ್ನು ಬಾಗಿಸಿ ಚೌಕಟ್ಟಿನ ಮೇಲ್ಭಾಗದಲ್ಲಿ ಸಿಕ್ಕಿಸಿದರೆ ಅದು ತಾನೇ ಬಿಗಿಯಾಗಿ ನಿಲ್ಲುತ್ತದೆ, ಅದಕ್ಕೆ ತೋರಣ ಕಟ್ಟಿ. ಈ ತೋರಣ ಒಗೆದು ಇಟ್ಟರೆ ಪ್ರತಿ ವರ್ಷಕ್ಕೂ ಬರುತ್ತದೆ.

ಹೂವಿನ ಸರ ಕಟ್ಟಿದ್ದನ್ನು ಕೊಳ್ಳಬೇಡಿ, ಬಿಡಿ ಚೆಂಡು ಹೂ ತನ್ನಿ. ಸೂಜಿ ದಾರ ಹಿಡಿದು ಕೂತರೆ ಮಕ್ಕಳ ಜೊತೆ ಒಂದು ತಾಸಿನ ಕೆಲಸ. ಹಿಂದಿನ ರಾತ್ರಿ ಪೋಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಿದಿರು ಬುಟ್ಟಿಯಲ್ಲಿ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವೆತು ಕೊಳೆಯುತ್ತದೆ. ನಡುನಡುವೆ ಮಾವಿನ ಎಲೆ ಮಡಿಚಿ ಸೇರಿಸಿದರೆ ಹೂವು ಅರ್ಧಕ್ಕರ್ಧ ಉಳಿಯುತ್ತದೆ.

ರಂಗೋಲಿ ಬಗ್ಗೆ ಮಗಳಿಗೆ ನಾನು ಹೇಳುವುದು, ಮೊಬೈಲಿನಲ್ಲಿ ನೋಡಿದ ಬಣ್ಣದ ನವಿಲು, ಹೂವಿನ ಕುಂಡ ಎಲ್ಲಾ ಈ ಸಲ ಬಿಡು, ನಮ್ಮ ಧಾರವಾಡ ಕಸೂತಿಯನ್ನು ಹೊಸ್ತಿಲಿಗೆ ತಾ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕುತ್ತಾರೆ, ಗವಂತಿ ಮತ್ತು ಮುರ್ಗಿ ಹೊಲಿಗೆಯಲ್ಲಿ ಎಲ್ಲವೂ ನೇರ ಗೆರೆಯೇ, ಅಡ್ಡ, ಉದ್ದ, ಓರೆ. ಅದಕ್ಕೇ ಅದು ಚುಕ್ಕಿ ರಂಗೋಲಿಗೆ ಹೇಳಿ ಮಾಡಿಸಿದ ಹಾಗಿದೆ. ಮೊದಲು ಲೆಕ್ಕದ ಚೌಕುಳಿ ನೋಟ್‌ಬುಕ್ಕಿನಲ್ಲಿ ಗೋಪುರ, ತೇರು, ತುಳಸಿ ಕಟ್ಟೆ, ಆನೆ ಇವುಗಳಲ್ಲಿ ಒಂದನ್ನು ಬರೆದುಕೊಳ್ಳಲಿ. ಅಜ್ಜಿಯ ಹಳೆಯ ಇಳಕಲ್ ಸೀರೆಯ ಮೇಲೆ ಕಸೂತಿ ಇದ್ದರೆ ಅದನ್ನೇ ನೋಡಿ ಎಣಿಸಬಹುದು. ಆಮೇಲೆ ನೆಲದ ಮೇಲೆ ಚುಕ್ಕಿ ಇಟ್ಟು ಅಷ್ಟೇ ಮನೆ ಎಣಿಸಿ ಗೆರೆ ಎಳೆಯುವುದು. ಬಿಳಿ ಬಣ್ಣ ಒಂದೇ ಸಾಕು, ಅಂಚಿಗೆ ಬೇಕಾದರೆ ಅರಿಷಿಣ ಕುಂಕುಮ. ನಿಮ್ಮ ಮನೆಗೆ ಟೈಲ್ಸ್ ಇದ್ದರೆ ರಂಗೋಲಿ ಪುಡಿ ಗಾಳಿಗೆ ಹಾರುತ್ತದೆ. ಒಂದು ಮುಷ್ಟಿ ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ತೆಳು ಹಿಟ್ಟಿನಲ್ಲಿ ಸಣ್ಣ ಬಟ್ಟೆ ಅದ್ದಿ ಬೆರಳಿನಿಂದ ಬರೆಯಿರಿ. ಬರೆಯುವಾಗ ಕಾಣುವುದೇ ಇಲ್ಲ, ಒಣಗಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ, ಆ ಹೊತ್ತಿನಲ್ಲಿ ಮಕ್ಕಳ ಮುಖ ನೋಡಬೇಕು. ಹೊಸ್ತಿಲಿಗೆ ಹುರಮಂಜು, ಅಂದರೆ ಕೆಮ್ಮಣ್ಣು ಹಚ್ಚಿ ಅದರ ಮೇಲೆ ಬರೆದರಂತೂ ಇನ್ನೂ ಚೆಂದ, ಆದರೆ ಬಾಡಿಗೆ ಮನೆ, ಕಲೆ ಉಳಿದೀತು ಅನ್ನಿಸಿದರೆ ಒಂದು ಹಲಗೆಗೆ ಹಚ್ಚಿ ಹೊಸ್ತಿಲ ಪಕ್ಕ ಇಡಿ.

ಹಣತೆ ಹೊಸದಾಗಿದ್ದರೆ ಮೂರು ನಾಲ್ಕು ತಾಸು ನೀರಿನಲ್ಲಿ ಮುಳುಗಿಸಿ, ತೆಗೆದು ಮೇಲಿನ ನೀರು ಆರಿಸಿ. ಒಣ ಮಣ್ಣು ಎಣ್ಣೆ ಕುಡಿಯುತ್ತದೆ, ನೀರು ಕುಡಿದ ಮಣ್ಣು ಅಷ್ಟು ಕುಡಿಯುವುದಿಲ್ಲ, ಎಣ್ಣೆ ಉಳಿಯುತ್ತದೆ. ಹೋದ ವರ್ಷದ ಹಣತೆಗಳನ್ನು ಸೋಡಾ ಹಾಕಿ ಕುದಿಸಿ ತೊಳೆದರೆ ಹೊಸದರ ಹಾಗೇ ಆಗುತ್ತವೆ. ಬತ್ತಿ ತೆಳ್ಳಗೆ ಹೊಸೆಯಿರಿ, ದಪ್ಪ ಬತ್ತಿ ಹೊಗೆ ಜಾಸ್ತಿ ಮಾಡುತ್ತದೆ, ಎಣ್ಣೆಯನ್ನೂ ಬೇಗ ಮುಗಿಸುತ್ತದೆ. ನೀರು ತುಂಬುವ ದಿನ ನಿಮ್ಮ ತಾಮ್ರದ ಹಂಡೆ, ಇಲ್ಲವೇ ಸ್ಟೀಲ್ ಬಕೆಟ್ ಆದರೂ ಸರಿ, ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ಸುಣ್ಣ ಮತ್ತು ಹುರಮಂಜಿನ ಪಟ್ಟೆ ಎಳೆಯಿರಿ. ಒಂದು ಪೈಸೆ ಖರ್ಚಿಲ್ಲ, ಬಚ್ಚಲುಮನೆಗೂ ಹಬ್ಬ ಬರುತ್ತದೆ.

ಇನ್ನು ಒಲೆಯ ಕಡೆ ಬರೋಣ. ನಿಮಗೆ ನಾನು ಆರಿಸಿಕೊಡುವ ಮೂರು ಅಂದರೆ ಶಂಕರಪಾಳಿ, ಚೂಡಾ, ಶೇಂಗಾ ಉಂಡಿ. ಚಕ್ಕುಲಿ, ಕರ್ಚಿಕಾಯಿ ಈ ವರ್ಷ ಬೇಡ. ಚಕ್ಕುಲಿಗೆ ಎಣ್ಣೆ ಜಾಸ್ತಿ ಬೇಕು, ಕರ್ಚಿಕಾಯಿಗೆ ಕೈಗಳು ಜಾಸ್ತಿ ಬೇಕು. ಬೇಸನ್ ಉಂಡಿ ರುಚಿ ನಿಜ, ಆದರೆ ಅದಕ್ಕೆ ತುಪ್ಪ ಧಾರಾಳ ಬೇಕು, ತುಪ್ಪದ ಬದಲು ಡಾಲ್ಡಾ ಹಾಕಿ ಮಾಡುವ ಉಂಡಿ ನಾಲಿಗೆಗೆ ಅಂಟಿಕೊಳ್ಳುತ್ತದೆ, ಅಂಥದ್ದು ಮಾಡುವುದಕ್ಕಿಂತ ಬಿಡುವುದೇ ಮೇಲು. ಇರುವ ಸ್ವಲ್ಪ ತುಪ್ಪವನ್ನು ಹೋಳಿಗೆಯ ಮೇಲೆ ಹಾಕಲು ಇಟ್ಟುಕೊಳ್ಳಿ.

ಶಂಕರಪಾಳಿ ಮೊದಲು, ಹಬ್ಬಕ್ಕೆ ಒಂದು ವಾರ ಮುಂಚೆ ಮಾಡಿದರೂ ಕೆಡುವುದಿಲ್ಲ. ಅರ್ಧ ಬಟ್ಟಲು ನೀರಿಗೆ ಅರ್ಧ ಬಟ್ಟಲು ಸಕ್ಕರೆ, ಕಾಲು ಬಟ್ಟಲು ಎಣ್ಣೆ, ಚಿಟಿಕೆ ಉಪ್ಪು ಹಾಕಿ ಸಕ್ಕರೆ ಕರಗುವವರೆಗೆ ಮಾತ್ರ ಬಿಸಿ ಮಾಡಿ. ಆರಿದ ಮೇಲೆ ಹಿಡಿಯುವಷ್ಟು ಹಿಟ್ಟು ಹಾಕಿ, ಸುಮಾರು ಎರಡೂವರೆ ಬಟ್ಟಲು ಬೇಕಾಗುತ್ತದೆ, ಅರ್ಧ ಮೈದಾ ಅರ್ಧ ಗೋಧಿ ನಡೆಯುತ್ತದೆ. ಅರ್ಧ ತಾಸು ಮುಚ್ಚಿಟ್ಟು, ದಪ್ಪಗೆ ಲಟ್ಟಿಸಿ, ಕತ್ತರಿಸಿ, ಸಣ್ಣ ಉರಿಯಲ್ಲಿ ಕರಿಯಿರಿ. ಉರಿ ದೊಡ್ಡದಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಡಬ್ಬಿಯಲ್ಲಿ ಮೆತ್ತಗಾಗುತ್ತದೆ. ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟು ಚೂಡಾದ ಒಗ್ಗರಣೆಗೆ, ದಿನದ ಪಲ್ಯಕ್ಕೆ ಬಳಸಿ ಮುಗಿಸಿ. ಮತ್ತೆ ಮತ್ತೆ ಕರಿಯಲು ಅದನ್ನೇ ಕಾಯಿಸಬೇಡಿ.

ಈಗ ನಿಮ್ಮ ಚೂಡಾ ಯಾಕೆ ಮೆತ್ತಗಾಗುತ್ತದೆ ಅನ್ನುವುದು. ತಪ್ಪು ಇರುವುದು ಅವಲಕ್ಕಿಯಲ್ಲಿ ಅಲ್ಲ, ಹಸಿಮೆಣಸಿನಕಾಯಿ, ಕರಿಬೇವಿನಲ್ಲಿ. ಅವೆರಡರಲ್ಲೂ ನೀರಿರುತ್ತದೆ. ತೊಳೆದು ಹಾಗೇ ಒಗ್ಗರಣೆಗೆ ಹಾಕಿ, ಚಟಪಟ ಅನ್ನುತ್ತಿರುವಾಗಲೇ ಅವಲಕ್ಕಿ ಸುರಿದರೆ ಆ ನೀರನ್ನು ಅವಲಕ್ಕಿ ಕುಡಿಯುತ್ತದೆ. ಕರಿಬೇವನ್ನು ಬೆಳಿಗ್ಗೆಯೇ ತೊಳೆದು ಬಟ್ಟೆ ಮೇಲೆ ಹರವಿ ಆರಿಸಿ. ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಅದು ಬೆಳ್ಳಗಾಗಿ ಗರಿಗರಿ ಆಗುವವರೆಗೆ ಬಿಡಿ, ಕೈಯಲ್ಲಿ ಮುರಿದರೆ ಟಕ್ ಅನ್ನಬೇಕು. ಅವಲಕ್ಕಿ ಅರ್ಧ ಕಿಲೋ, ತೀರಾ ತೆಳುವಾದ ಪೇಪರ್ ಅವಲಕ್ಕಿ ತನ್ನಿ, ಟೆರೇಸಿನ ಮೇಲೆ ತೆಳು ಬಟ್ಟೆ ಮುಚ್ಚಿ ಎರಡು ತಾಸು ಬಿಸಿಲಿಗೆ ಇಡಿ. ಮೋಡ ಇದ್ದರೆ ದಪ್ಪ ತಳದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಸೌಟಿನಿಂದ ಕೆದಕಬೇಡಿ, ಬಾಣಲೆಯನ್ನೇ ಹಿಡಿದು ಅಲ್ಲಾಡಿಸಿ, ಇಲ್ಲದಿದ್ದರೆ ಪುಡಿ ಆಗುತ್ತದೆ. ಮುಷ್ಟಿಯಲ್ಲಿ ಹಿಡಿದು ಅಮುಕಿದರೆ ಸದ್ದು ಮಾಡಿ ಪುಡಿಯಾದರೆ ಹದ ಬಂತು ಅಂತ ಅರ್ಥ. ಎಣ್ಣೆಯಲ್ಲಿ ಮೊದಲು ಶೇಂಗಾ, ಆಮೇಲೆ ಒಣಕೊಬ್ಬರಿ ಚೂರು, ಪುಟಾಣಿ (ಹುರಿಗಡಲೆ), ಮೆಣಸಿನಕಾಯಿ, ಕರಿಬೇವು. ಒಲೆ ಆರಿಸಿದ ಮೇಲೆ ಅರಿಷಿಣ, ಅದು ಕಪ್ಪಾಗಬಾರದು. ಉಪ್ಪು ಸಕ್ಕರೆ ಎರಡನ್ನೂ ನುಣ್ಣಗೆ ಪುಡಿ ಮಾಡಿ ಕಡೆಗೆ ಉದುರಿಸಿ. ಇನ್ನೊಂದು ಮಾತು, ಬೆಚ್ಚಗಿರುವಾಗ ಡಬ್ಬಿಗೆ ತುಂಬಬೇಡಿ. ಕೈಗೆ ತಣ್ಣಗೆ ಅನ್ನಿಸಿದ ಮೇಲೂ ನಡುವಿನಲ್ಲಿ ಬಿಸಿ ಇರುತ್ತದೆ, ಅದೇ ಬೆವರಾಗಿ ಮುಚ್ಚಳದಿಂದ ಇಳಿಯುತ್ತದೆ. ಪೇಪರ್ ಮೇಲೆ ಹರವಿ ಪೂರ್ತಿ ಆರಲಿ.

ಶೇಂಗಾ ಉಂಡಿಗೆ ತುಪ್ಪವೂ ಬೇಡ, ಪಾಕವೂ ಬೇಡ. ಶೇಂಗಾದಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಎಣ್ಣೆಯೇ ಇರುತ್ತದೆ, ಆ ಎಣ್ಣೆಯೇ ಉಂಡಿಯನ್ನು ಹಿಡಿದಿಡುತ್ತದೆ. ಅರ್ಧ ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಸಿಪ್ಪೆ ಬಿಡುವ ತನಕ ಹುರಿದು, ತಿಕ್ಕಿ ಕೇರಿ, ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ತರಿತರಿ ಪುಡಿ ಮಾಡಿ. 350 ಗ್ರಾಂ ಬೆಲ್ಲವನ್ನು ತುರಿದು, ಏಲಕ್ಕಿ ಪುಡಿ, ಹುರಿದ ಎಳ್ಳು ಎರಡು ಚಮಚ ಸೇರಿಸಿ ಕೈಯಿಂದ ಚೆನ್ನಾಗಿ ತಿಕ್ಕಿ. ಕಟ್ಟಲು ಬಾರದೇ ಪುಡಿಪುಡಿ ಆದರೆ ನೀರು, ಹಾಲು ಹಾಕಬೇಡಿ, ಬೂಸ್ಟು ಬರುತ್ತದೆ. ಅರ್ಧ ಮಿಶ್ರಣವನ್ನು ಮತ್ತೊಮ್ಮೆ ಮಿಕ್ಸರಿನಲ್ಲಿ ಒಂದೇ ಸುತ್ತು ತಿರುಗಿಸಿ, ಎಣ್ಣೆ ಬಿಟ್ಟು ತಾನೇ ಮುದ್ದೆ ಆಗುತ್ತದೆ. ಹೊಸ ಶೇಂಗಾ ಸಿಕ್ಕರೆ ರುಚಿ ಜಾಸ್ತಿ, ಆದರೆ ಅದನ್ನು ಹುರಿಯುವ ಮುಂಚೆ ಒಂದು ದಿನ ಬಿಸಿಲು ಕಾಣಿಸಿ.

ಪಾಡ್ಯದ ಊಟಕ್ಕೆ ಹೂರಣದ ಹೋಳಿಗೆ ಮತ್ತು ಕಟ್ಟಿನ ಸಾರು, ಇದಕ್ಕಿಂತ ಉಳಿತಾಯದ ಹಬ್ಬದಡುಗೆ ನನಗೆ ಗೊತ್ತಿಲ್ಲ. ಒಂದೇ ಬೇಳೆ, ಎರಡು ಅಡುಗೆ. ಕಾಲು ಕಿಲೋ ಕಡಲೆಬೇಳೆಗೆ ಹದಿನಾಲ್ಕು ಹದಿನೈದು ಹೋಳಿಗೆ ಆಗುತ್ತವೆ, ನಿಮ್ಮ ಆರು ಜನಕ್ಕೆ ಹೊಟ್ಟೆ ತುಂಬ. ಬೇಳೆಯನ್ನು ಕುಕ್ಕರಿನಲ್ಲಿ ಸೀಟಿ ಹೊಡೆಸಿ ಮೆದು ಮಾಡಬೇಡಿ, ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸಿ. ಬೆರಳಿನ ನಡುವೆ ಅಮುಕಿದರೆ ಹಿಸುಕಬೇಕು, ಆದರೆ ಕಾಳಿನ ಆಕಾರ ಉಳಿದಿರಬೇಕು. ಬೇಳೆ ಬೇಯುವ ಮೊದಲೇ ಬೆಲ್ಲ ಹಾಕಿದರೆ ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಗಟ್ಟಿಯೇ ಉಳಿಯುತ್ತದೆ, ಅದು ನೆನಪಿರಲಿ. ಬೆಂದ ಬೇಳೆಯನ್ನು ಜಾಲರಿಗೆ ಸುರಿದು ಕಟ್ಟು ಬೇರೆ ಹಿಡಿಯಿರಿ. ಅವಸರ ಮಾಡದೆ ಹತ್ತು ಹದಿನೈದು ನಿಮಿಷ ಬಸಿಯಲು ಬಿಡಿ. ನಿಮ್ಮ ಹೋಳಿಗೆ ಒಡೆಯುವುದು ಬಹುಶಃ ಇಲ್ಲೇ, ನೀರು ಉಳಿದ ಹೂರಣ ಸಡಿಲವಾಗುತ್ತದೆ, ಲಟ್ಟಿಸುವಾಗ ಕಣಕ ಹರಿದು ಹೊರಗೆ ಬರುತ್ತದೆ. ಬಸಿದ ಬೇಳೆಗೆ ಅಷ್ಟೇ ತೂಕದ, ಅಂದರೆ ಹಸಿ ಬೇಳೆಯಷ್ಟೇ ತೂಕದ ಬೆಲ್ಲ ಹಾಕಿ ಮತ್ತೆ ಒಲೆ ಮೇಲಿಟ್ಟು ತಿರುವಿ. ಮರದ ಸೌಟು ನಡುವೆ ನಿಲ್ಲಿಸಿ ಕೈಬಿಟ್ಟರೆ ಬೀಳದೇ ನಿಲ್ಲಬೇಕು, ಅದೇ ಹದ. ಬಿಸಿ ಇರುವಾಗಲೇ ರುಬ್ಬಿ, ಆರಿದರೆ ಗಟ್ಟಿಯಾಗಿ ಮಿಕ್ಸರಿಗೆ ಹಿಡಿಯುತ್ತದೆ.

ಕಣಕಕ್ಕೆ ಗೋಧಿ, ಮೈದಾ ಸಮ ಸಮ, ಒಟ್ಟು 200 ಗ್ರಾಂ. ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ, ಮೇಲೆ ಎರಡು ಚಮಚ ಎಣ್ಣೆ ಸುರಿದು ನಾದಿ, ಎರಡು ತಾಸು ಮುಚ್ಚಿಡಿ. ಎಳೆದರೆ ರಬ್ಬರಿನ ಹಾಗೆ ಹಿಗ್ಗಬೇಕು. ಕಣಕದ ಉಂಡೆ ಚಿಕ್ಕದು, ಹೂರಣದ ಉಂಡೆ ಅದರ ಒಂದೂವರೆ ಪಟ್ಟು. ಎರಡೂ ಮುಟ್ಟಿದರೆ ಒಂದೇ ಮೆದುವಾಗಿ ಇರಬೇಕು, ಒಂದು ಗಟ್ಟಿ ಒಂದು ಸಡಿಲ ಆದರೆ ಎಂಥವರು ಮಾಡಿದರೂ ಹರಿಯುತ್ತದೆ. ಹಂಚು ಚೆನ್ನಾಗಿ ಕಾದ ಮೇಲೆ ಉರಿ ಸಣ್ಣ ಮಾಡಿ ಹಾಕಿ, ಒಂದು ಮಗ್ಗುಲು ಪೂರ್ತಿ ಬೇಯದೆ ತಿರುವಬೇಡಿ.

ಬಸಿದ ಕಟ್ಟನ್ನು ಚೆಲ್ಲಿದರೆ ಅರ್ಧ ಹಬ್ಬ ಚೆಲ್ಲಿದ ಹಾಗೆ. ಒಣಕೊಬ್ಬರಿ, ಕೊತ್ತಂಬರಿ ಬೀಜ, ಜೀರಿಗೆ, ಚೂರು ಚಕ್ಕೆ, ಎರಡು ಲವಂಗ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಹುರಿದು ರುಬ್ಬಿ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ, ಸಾರು ಕೆಂಪಗೆ ಬರುತ್ತದೆ ಆದರೆ ಮಕ್ಕಳೂ ಉಣ್ಣಬಹುದು. ನಿಮ್ಮ ಅತ್ತೆಯವರು ಬರುವುದೇ ಹಾವೇರಿ ಕಡೆಯಿಂದ, ಒಂದು ಕಾಲು ಕಿಲೋ ಅವರಿಗೇ ತರಲು ಹೇಳಿ, ಸಂತೋಷದಿಂದ ತರುತ್ತಾರೆ. ಕಟ್ಟಿಗೆ ಹುಣಸೆ ರಸ, ಉಪ್ಪು, ಈ ಮಸಾಲೆ, ಜೊತೆಗೆ ಒಂದು ದೊಡ್ಡ ಚಮಚ ಹೂರಣ ಹಾಕಿ ಕುದಿಸಿ, ಮೇಲೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಮರುದಿನ ಇದರ ರುಚಿ ಇನ್ನೂ ಏರುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿಯೇ ಮಾಡಿ. ಪಕ್ಕಕ್ಕೆ ಹೆಸರುಬೇಳೆ ಕೋಸಂಬರಿ, ಒಂದು ಬದನೆಕಾಯಿ ಪಲ್ಯ, ಅನ್ನ. ಮನೆಯಲ್ಲಿ ಹಪ್ಪಳ ಸಂಡಿಗೆ ಇದ್ದರೆ ನಾಲ್ಕು ಕರಿದರೆ ಎಲೆ ತುಂಬಿತು.

ಕೆಲಸವನ್ನು ಒಂದೇ ದಿನಕ್ಕೆ ಗುಡ್ಡೆ ಹಾಕಬೇಡಿ, ಸುಸ್ತಾದ ಕೈಯಲ್ಲಿ ಹೋಳಿಗೆ ಬರುವುದಿಲ್ಲ. ಆಕಾಶಬುಟ್ಟಿ ಮತ್ತು ಖಣದ ತೋರಣ ಹಿಂದಿನ ಭಾನುವಾರವೇ ಮುಗಿಯಲಿ, ಶಂಕರಪಾಳಿಯೂ ಆ ವಾರದಲ್ಲೇ. ಚೂಡಾ ಮತ್ತು ಉಂಡಿ ನೀರು ತುಂಬುವ ಹಬ್ಬಕ್ಕೆ ಎರಡು ದಿನ ಮುಂಚೆ. ಹೂವು ಹಿಂದಿನ ರಾತ್ರಿ. ಹೂರಣವನ್ನು ಅಮಾವಾಸ್ಯೆ ರಾತ್ರಿಯೇ ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಪಾಡ್ಯದ ಬೆಳಿಗ್ಗೆ ಲಟ್ಟಿಸುವುದಷ್ಟೇ ಉಳಿಯುತ್ತದೆ, ಕಟ್ಟೂ ಹಾಗೇ ಫ್ರಿಜ್ಜಿನಲ್ಲಿ ಇರಲಿ.

ಕೊನೆಗೆ ಪಾಂಡವರ ವಿಷಯ. ಅತ್ತೆಯವರು ಕೇಳಿದ್ದು ದೊಡ್ಡ ಮಾತೇನಲ್ಲ, ಖಂಡಿತ ಇಡಿ. ಅವರ ಕಡೆ ಪಾಡ್ಯ ಅಂದರೆ ಊರಿಗೆ ಊರೇ ಹೋರಿ ಬೆದರಿಸಲು ನಿಂತಿರುತ್ತದೆ, ಆ ಗದ್ದಲ ಬಿಟ್ಟು ನಿಮ್ಮ ಮನೆಗೆ ಬರುತ್ತಿದ್ದಾರೆ, ಹಾಗಾಗಿ ಇಷ್ಟಾದರೂ ಇಲ್ಲಿ ಕಂಡರೆ ಅವರಿಗೆ ಮನೆಗೆ ಬಂದ ಹಾಗಾಗುತ್ತದೆ. ಸಗಣಿಗೆ ಪರದಾಡಬೇಡಿ, ಗೌಳಿ ಗಲ್ಲಿ ಕಡೆ ಹೋಗಿ ಎಮ್ಮೆ ಆಕಳು ಕಟ್ಟಿದವರನ್ನು ಹಿಂದಿನ ದಿನವೇ ಕೇಳಿಟ್ಟುಕೊಂಡರೆ ಕೊಡುತ್ತಾರೆ, ಒಂದು ಸಣ್ಣ ಡಬ್ಬಿಯಷ್ಟು ಸಾಕು. ಎರಡನೇ ಮಹಡಿಯಲ್ಲಿ ನೆಲದ ಮೇಲೆ ನೇರ ಇಡುವ ಬದಲು ಒಂದು ಮರದ ಮಣೆ ಅಥವಾ ಮುತ್ತುಗದ ಎಲೆಯ ಮೇಲೆ ಇಡಿ. ಹೆಬ್ಬೆರಳು ಗಾತ್ರಕ್ಕೆ ಐದು ಗೋಪುರದ ಹಾಗೆ ಮಾಡಿ, ತಲೆಗೆ ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸಿ, ಅರಿಷಿಣ ಕುಂಕುಮ ಹಚ್ಚಿ ಹೊಸ್ತಿಲ ಪಕ್ಕ ಇಡುವುದು. ಉತ್ತರಾಣಿ ರಸ್ತೆ ಬದಿ, ಖಾಲಿ ಸೈಟುಗಳಲ್ಲಿ ಆ ಹೊತ್ತಿಗೆ ಬೇಕಾದಷ್ಟು ಬೆಳೆದಿರುತ್ತದೆ. ಮಾಡುವುದನ್ನು ಅತ್ತೆಯವರಿಗೇ ಬಿಡಿ, ಮಕ್ಕಳನ್ನು ಅವರ ಪಕ್ಕ ಕೂರಿಸಿ, ಎಷ್ಟು ಇಡಬೇಕು, ಯಾವ ಕಡೆ ಮುಖ ಮಾಡಬೇಕು ಅನ್ನುವುದು ಮನೆ ಮನೆಗೂ ಬೇರೆ ಇರುತ್ತದೆ, ನಿಮ್ಮ ಮನೆಯದ್ದು ಅವರಿಗೆ ಗೊತ್ತಿರುತ್ತದೆ. ಪೂಜೆ ಮುಗಿದ ಮೇಲೆ ಒಣಗಿಸಿ, ಪುಡಿ ಮಾಡಿ ತುಳಸಿ ಕುಂಡಕ್ಕೆ ಹಾಕಿ.